ಕಂಪ್ಯೂಟರ್ ಮಂಜೂರು ಮಾಡಿದ ಶಾವಿಗಿ

ಉಮಾಪತಿಯವರಿಗೆ ಈ ಲೋಕದ ಮೇಲೆ ಇದ್ದ ತಕರಾರು ಒಂದೇ. ಇಲ್ಲಿ ಯಾವ ಕೆಲಸವೂ ಶುರುವಾಗಬೇಕಾದ ಹೊತ್ತಿಗೆ ಶುರುವಾಗುವುದಿಲ್ಲ, ಮುಗಿಯಬೇಕಾದ ಹೊತ್ತಿಗೆ ಮುಗಿಯುವುದಿಲ್ಲ. ಅವರು ಗಂಗಾವತಿ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದರು. ಹೂಳು ತೆಗೆಯುವ ಕೆಲಸ ಕಾಲುವೆಗೆ ನೀರು ಬಿಟ್ಟ ಮೇಲೆ ಶುರುವಾಗುವುದನ್ನೂ, ತೂಬಿನ ಬಾಗಿಲು ತೂಬೇ ಕೊಚ್ಚಿಕೊಂಡು ಹೋದ ಮೇಲೆ ಮಂಜೂರಾಗುವುದನ್ನೂ ಕಣ್ಣಾರೆ ಕಂಡಿದ್ದರು. ಕಂಡು ಸುಮ್ಮನಿದ್ದರು. ಅದು ಸರಕಾರ. ಆದರೆ ಮನೆಯೊಳಗೆ ಸರಕಾರವೆಂದರೆ ತಾವೇ ಅಲ್ಲವೇ? (ಹಾಗಂತ ಅವರು ತಿಳಿದಿದ್ದರು. ಮನೆಯ ಬೇರೆ ಯಾರಿಗೂ ಈ ಸಂಗತಿ ತಿಳಿಸಿರಲಿಲ್ಲ.)

ಮನೆಯ ಕಥೆಯೂ ಕಾಲುವೆಯ ಕಥೆಯೇ ಆಗಿತ್ತು. ಹೆಂಡತಿ ಪಂಪಮ್ಮ "ಜರಡಿ ತರ್ತೀನಿ, ಈಗ ಬಂದೆ" ಎಂದು ಪಕ್ಕದ ಕಾಸೀಮಬೀ ಮನೆಗೆ ಹೋದರೆ, ಒಲೆಯ ಮೇಲಿನ ಬೇಳೆ ಬೆಂದು, ಕರಗಿ, ತಳ ಹತ್ತಿ, ವಾಸನೆಯ ರೂಪದಲ್ಲಿ ಓಣಿಗೆ ಹೊರಟ ಮೇಲೆ ತಿರುಗಿ ಬರುತ್ತಿದ್ದಳು. ಬರುವಾಗ ಕೈಯಲ್ಲಿ ಓಣಿಯ ಸುದ್ದಿಯೆಲ್ಲ ಇರುತ್ತಿತ್ತು, ಜರಡಿ ಇರುತ್ತಿರಲಿಲ್ಲ. ಇಂದು ನಮ್ಮ ಮನೆಯಲ್ಲಿ ಹಪ್ಪಳ ಎಂದರೆ ನಾಳೆ ಗುರುಲಿಂಗಮ್ಮನ ಮನೆಯಲ್ಲಿ ಖಾರ ಕುಟ್ಟುವುದು, ನಾಡಿದ್ದು ಯಮನೂರಮ್ಮನ ಮನೆಯಲ್ಲಿ ಸಂಡಿಗೆ. ಯಾರ ಕೆಲಸ ಯಾರ ಮನೆಯಲ್ಲಿ ಯಾರು ಮಾಡುತ್ತಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ, ದಿಕ್ಕಿಲ್ಲ. ಒಬ್ಬ ಇಂಜಿನಿಯರನ ಕಣ್ಣಿಗೆ ಇದು ಕಾಮಗಾರಿಯಲ್ಲ, ಪ್ರವಾಹ.

ಎಂಬತ್ತಾರನೇ ಇಸವಿಯ ಬೇಸಿಗೆಯ ಬಾಗಿಲಲ್ಲಿ ಮೇಲಿನವರಿಂದ ಒಂದು ಆದೇಶ ಬಂತು. ಬೆಂಗಳೂರಿಗೆ ಹೋಗಿ, ಕಂಪ್ಯೂಟರಿನಿಂದ ಕಾಮಗಾರಿ ನಡೆಸುವ ವಿದ್ಯೆಯನ್ನು ಒಬ್ಬರು ಕಲಿತು ಬರಬೇಕು. ಕಚೇರಿಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಶ್ರೀರಾಮನಗರದ ಹೊಲದಲ್ಲಿ ಭತ್ತದ ಕೊಯ್ಲು. ಉಳಿದವರು ಉಮಾಪತಿಯವರು. ಅವರು ಇದನ್ನು ದೈವದ ಕರೆ ಎಂದೇ ತಿಳಿದು ಚೀಲ ಕಟ್ಟಿದರು.

ಅಲ್ಲಿ ಕಂಪ್ಯೂಟರನ್ನು ಇಟ್ಟಿದ್ದು ಗಾಜಿನ ಬಾಗಿಲಿನ ಕೋಣೆಯಲ್ಲಿ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಹೋದರೆ ಗರ್ಭಗುಡಿಯ ತಂಪು. ದೇವರ ಮುಂದೆ ತೆಳ್ಳಗಿನ ಮೇಷ್ಟ್ರೊಬ್ಬರು ಪೂಜಾರಿಯ ಹಾಗೆ ಕೂತು, ಭಕ್ತರ ಕೋರಿಕೆಯನ್ನು ಕೀಲಿಗಳ ಮೇಲೆ ಟಪಟಪ ಬಡಿಯುತ್ತಿದ್ದರು. ಗಂಗಾವತಿಯ ಬಿಸಿಲು ತಿಂದು ಬೆಳೆದ ಉಮಾಪತಿಯವರು ತಲೆಗೆ ಟವೆಲ್ ಸುತ್ತಿಕೊಂಡು, ನಡುಗುತ್ತ, ಜ್ಞಾನ ಪಡೆದರು.

ಕೊನೆಯ ದಿನ ಮೇಷ್ಟ್ರು, ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಾಮಗಾರಿ ಹೇಳಿ, ಯಂತ್ರಕ್ಕೆ ಉಣಿಸೋಣ ಎಂದರು. ರಾಯಚೂರಿನವರು ಸೇತುವೆ ಹೇಳಿದರು. ಬಳ್ಳಾರಿಯವರು ರಸ್ತೆ ಹೇಳಿದರು. ಉಮಾಪತಿಯವರ ತೂಬಿನ ಕಡತ ಬರುವಾಗ ಬಸ್ಸಿನ ಮೇಲೆಯೇ ಉಳಿದು, ಅವರಿಲ್ಲದೆ ಮೈಸೂರು ನೋಡಲು ಹೋಗಿತ್ತು. ತಲೆಯಲ್ಲಿ ಆಗ ಇದ್ದ ಕಾಮಗಾರಿ ಒಂದೇ, ಮಗಳು ಸುಮಂಗಲಾಳ ಕುಬಸ, ಅಂದರೆ ಸೀಮಂತ. ನಾಚಿಕೆ ಬಿಟ್ಟು ಅದನ್ನೇ ಹೇಳಿದರು. ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಯಂತ್ರಕ್ಕೆ ಸೇತುವೆಯೂ ಒಂದೇ, ಶಾವಿಗೆಯೂ ಒಂದೇ ಎಂದರು. ಆ ಮಾತು ಉಮಾಪತಿಯವರ ಎದೆಯಲ್ಲಿ ಹೋಗಿ ಕೂತುಬಿಟ್ಟಿತು.

ಕುಬಸವೆಂದರೆ ಸಣ್ಣ ಕಾಮಗಾರಿ ಅಲ್ಲ. ಸುಮಂಗಲಾಗೆ ಏಳನೇ ತಿಂಗಳು ನಡೆದಿತ್ತು, ಮೊದಲನೆಯ ಬಸಿರು. ಕುಷ್ಟಗಿಯ ಬೀಗರು ಬರುವವರಿದ್ದರು. ಹಸಿರು ಸೀರೆ, ಹಸಿರು ಬಳೆ, ಆರತಿ ಎಲ್ಲ ಸರಿ. ಆದರೆ ಬೀಗತಿ ಬಸವಣ್ಣೆಮ್ಮನವರ ಪರೀಕ್ಷೆ ಇದ್ದದ್ದು ಶಾವಿಗೆಯಲ್ಲಿ. ಆಕೆ ಶಾವಿಗೆಯ ಒಂದು ಎಳೆಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮನೆತನದ ಯೋಗ್ಯತೆ ತೀರ್ಮಾನ ಮಾಡುವವರು. ಎಳೆ ದಪ್ಪವಾಗಿದ್ದರೆ ಬೀಗರ ಮನೆಯಲ್ಲಿ ತುಟಿ ಬಿಚ್ಚುವುದಿಲ್ಲ. ತಮ್ಮ ಮನೆಗೆ ಹೋಗಿ, ಸೊಸೆ ಊಟಕ್ಕೆ ಕೂತಾಗಲೆಲ್ಲ ಬಿಚ್ಚುತ್ತಾರೆ. ಹಿರಿಯ ಸೊಸೆಯ ತವರಿನ ಶಾವಿಗೆ ಪಾಯಸದಲ್ಲಿ ಮುದ್ದೆಯಾಗಿತ್ತಂತೆ. ಆ ಸೊಸೆ ಈಗ ಎರಡು ಮಕ್ಕಳ ತಾಯಿ, ಆ ಮುದ್ದೆ ಇನ್ನೂ ಅವಳ ಗಂಟಲಿನಿಂದ ಕೆಳಗೆ ಇಳಿದಿಲ್ಲ. ಸುಮಂಗಲಾಳ ಪಾಲಿಗೂ ಅಂಥದೊಂದು ಮುದ್ದೆ ಬರಬಾರದು ಎಂಬುದೇ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದ ಏಕೈಕ ವಿಷಯ.

ಮೇಷ್ಟ್ರು ಒಂದೊಂದೇ ಕೇಳಿದರು, ಉಮಾಪತಿಯವರು ಒಂದೊಂದೇ ಉಣಿಸಿದರು. ಗೋಧಿ ಬೀಸುವುದು, ಹಿಟ್ಟು ಸೋಸುವುದು, ನಾದುವುದು, ಶಾವಿಗೆ ತೆಗೆಯುವುದು, ಒಣಗಿಸುವುದು, ಹಪ್ಪಳ, ಸಂಡಿಗೆ. ಆಮೇಲೆ ಸಂಪನ್ಮೂಲಗಳು ಯಾವುವು ಎಂದು ಕೇಳಿದರು. ಕಂಪ್ಯೂಟರಿನ ಭಾಷೆಯಲ್ಲಿ ಗೋಧಿ, ಬಿಸಿಲು, ಕಾಸೀಮಬೀಯ ಶಾವಿಗೆ ಮಷಿನ್ನು, ಸ್ವತಃ ಕಾಸೀಮಬೀ, ಗುರುಲಿಂಗಮ್ಮ, ಯಮನೂರಮ್ಮ ಮತ್ತು ಕೈಹಿಡಿದ ಹೆಂಡತಿ, ಎಲ್ಲರೂ ಸಂಪನ್ಮೂಲಗಳು. ಇಪ್ಪತ್ತೆರಡು ವರ್ಷ ಜೊತೆಗೆ ಸಂಸಾರ ಮಾಡಿದರೂ ಪಂಪಮ್ಮನನ್ನು ಈ ದೃಷ್ಟಿಯಿಂದ ನೋಡಿರಲಿಲ್ಲವಲ್ಲ ಎಂದು ಅವರಿಗೆ ಅನ್ನಿಸಿತು.

ಈ ಸಂಪನ್ಮೂಲಗಳಿಗೆ ಬೇರೆ ಏನೇನು ಕೆಲಸ ಉಂಟು ಎಂದು ಮೇಷ್ಟ್ರು ಕೇಳಿದಾಗ ಉಮಾಪತಿಯವರು ಪ್ರಾಮಾಣಿಕವಾಗಿ ಹೇಳಿದರು. ಪಂಪಮ್ಮ ಕುಬಸದ ವಾರವೇ ಕಾಸೀಮಬೀ ಮನೆಗೆ ರಂಜಾನ್ ಹಬ್ಬದ ಶಾವಿಗೆಗೆ ಹೋಗಬೇಕು, ಗುರುಲಿಂಗಮ್ಮನ ಮನೆಗೆ ಹಪ್ಪಳಕ್ಕೆ, ಯಮನೂರಮ್ಮನ ಮನೆಗೆ ಸಂಡಿಗೆಗೆ. ಯಂತ್ರ ಸ್ವಲ್ಪ ಹೊತ್ತು ಧ್ಯಾನ ಮಾಡಿ, ಪಂಪಮ್ಮನ ಹೆಸರಿನ ಮುಂದೆ ಸಾಲಾಗಿ ನಕ್ಷತ್ರಗಳನ್ನು ಮೂಡಿಸಿತು. ಶಾಲೆಯ ಮಕ್ಕಳಿಗೆ ಕೊಡುವ ನಕ್ಷತ್ರದ ಹಾಗೆ ಇದೂ ಮೆಚ್ಚುಗೆ ಎಂದು ಉಮಾಪತಿಯವರು ಹೆಮ್ಮೆಪಟ್ಟರು. ಮೇಷ್ಟ್ರು ತಿದ್ದಿದರು. ಒಬ್ಬರ ತಲೆಯ ಮೇಲೆ ಹೊರಲಾರದಷ್ಟು ಕೆಲಸ ಬಿದ್ದರೆ ಈ ಚುಕ್ಕಿಗಳು ಬೀಳುತ್ತವೆ.

"ಈ ಮನೆ ಆ ಮನೆಗೆ ಹೋಗೋದೆಲ್ಲ ನಿಮ್ಮ ಯೋಜನೆಯೊಳಗಿನ ಕೆಲಸಾನಾ?" ಎಂದು ಕೇಳಿದರು.

ಅಲ್ಲ ಎಂದರು ಉಮಾಪತಿಯವರು.

"ಹಾಗಾದ್ರೆ ತೆಗೆದುಹಾಕಿ."

ತೆಗೆದುಹಾಕಿದರು. ನಕ್ಷತ್ರಗಳು ಬೆಳಗಾದ ಹಾಗೆ ಮಾಯವಾದವು. ಯಂತ್ರ ಟರಟರ ಟರಟರ ಎಂದು, ಎರಡೂ ಅಂಚಿಗೆ ತೂತು ಹೊಡೆದ ಅಗಲವಾದ ಕಾಗದವನ್ನು ಉಗುಳುತ್ತ ಹೋಯಿತು. ಕುಬಸದ ಮುನ್ನಾದಿನವೇ ಎಲ್ಲ ಕೆಲಸ ಮುಗಿದು, ಇನ್ನೂ ಅರ್ಧ ದಿನ ಕೈಯಲ್ಲಿ ಉಳಿಯುತ್ತದೆ ಎಂಬ ಭವಿಷ್ಯ ಅದರಲ್ಲಿತ್ತು. ಊರಿಗೆ ಬರುವ ಬಸ್ಸಿನಲ್ಲಿ ಆ ಸುರುಳಿ ನೋಡಿದವರೊಬ್ಬರು ಯಾರ ಜಾತಕ ಇಷ್ಟು ಉದ್ದ ಎಂದು ಕೇಳಿದರು. ಉಮಾಪತಿಯವರು ಕಿಟಕಿಯ ಹೊರಗೆ ನೋಡಿದರು. ಮಹಾಪುರುಷರನ್ನು ಅವರ ಕಾಲದವರು ಅರಿಯುವುದಿಲ್ಲ.

ಮನೆಗೆ ಬಂದವರೇ ಗೋಧಿ ಹಿಟ್ಟಿನ ಅಂಟು ಕಾಯಿಸಿ, ಪಡಸಾಲೆಯ ಗೋಡೆಗೆ ಅಡುಗೆಮನೆಯ ಬಾಗಿಲಿನಿಂದ ದೇವರ ಮನೆಯ ಬಾಗಿಲಿನವರೆಗೆ ಕಾಗದ ಹಚ್ಚಿದರು. ಪಂಪಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಇದರಾಗ ನಾ ಎಲ್ಲಿ ಅದೀನ್ರಿ?"

"ಇಕಾ ಇಲ್ಲಿ. ಈ ಉದ್ದನ್ನ ಗೆರಿ ಐತೆಲ್ಲ, ಅದು ನೀನು."

"ಇಷ್ಟು ತೆಳ್ಳಗ ಯಾವಾಗಾದ್ನಿ ನಾ?"

"ಅದು ನಿನ್ನ ಮೈ ಅಲ್ಲ, ನಿನ್ನ ಹೊತ್ತು."

"ಮತ್ತ ಇಲ್ಲಿ ಹರದೈತಿ?"

"ಅಲ್ಲಿ ನಿನಗ ಕೆಲಸಿಲ್ಲ. ಬಿಡುವು. ಎಂದಾದ್ರೂ ಬಿಡುವು ಕಂಡಿದ್ದೇನು ನೀನು? ಕಂಪ್ಯೂಟರ್ ಕೊಟ್ಟೈತಿ ನೋಡು."

ಪಂಪಮ್ಮ ಗೋಡೆಯನ್ನು ಇನ್ನೊಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದಳು. "ಎಲ್ಲಾರೂ ಅದಾರ. ಕಾಸೀಮಬೀ ಅದಾಳ, ಮಷಿನ್ನ ಐತಿ, ಬಿಸಲೂ ಐತಿ. ನಿಮ್ಮ ಗೆರಿ ಯಾವುದ್ರಿ?"

"ನಾ ಗೆರಿ ಅಲ್ಲ," ಎಂದರು ಉಮಾಪತಿಯವರು, ಧೋತರದ ಚುಂಗು ಸರಿಮಾಡಿಕೊಳ್ಳುತ್ತ. "ನಾ ಮೇಲುಸ್ತುವಾರಿ."

ಪಂಪಮ್ಮ ಗೋಡೆಗೆ ಇನ್ನೂ ಹತ್ತಿರ ಬಂದಳು. ಅವಳ ಬೆರಳು ಒಂದು ಖಾಲಿ ಜಾಗದ ಮೇಲೆ ನಿಂತಿತು. "ಬರೋ ಐತವಾರ ಕಾಸೀಮಬೀ ಮನ್ಯಾಗ ಹಬ್ಬದ ಶಾವಿಗಿ ಐತಿ. ನಾ ಹೋಗಬೇಕು. ಅದು ಎಲ್ಲೈತಿ?"

"ಅದು ನಮ್ಮ ಯೋಜನಾದಾಗಿನ ಕೆಲಸೇನು?"

"ಅಲ್ಲ."

"ಹಂಗಾರ ತಗದು ಹಾಕೀವಿ. ಗುರುಲಿಂಗಮ್ಮನ ಹಪ್ಪಳಾನೂ ತಗದೀವಿ, ಯಮನೂರಮ್ಮನ ಸಂಡಿಗೀನೂ ತಗದೀವಿ. ನಿನ್ನ ಹೆಸರಿನ ಮುಂದ ನಕ್ಷತ್ರ ಬಿದ್ದಿದ್ದು, ಭಾರ ಭಾಳ ಆಗೇತಿ ಅಂತ. ಈಗ ಒಂದೂ ಇಲ್ಲ."

"ಭಾರ ಆಗೇತಿ ಅಂತ ಗೊತ್ತಾದ ಮ್ಯಾಲೆ ಮನಿ ಕೆಲಸ ಕಡಿಮಿ ಮಾಡ್ಲಿಲ್ಲ ಇವ್ರು, ನೆರಿಮನಿ ಕಡಿಮಿ ಮಾಡ್ಯಾರ," ಎಂದು ಪಂಪಮ್ಮ ಗೋಡೆಗೆ ಹೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅಲ್ರಿ, ನಾ ಅಕಿ ಮನಿಗೆ ಹೋಗ್ಲಿಲ್ಲಂದ್ರ ಅಕಿ ನಮ್ಮನಿಗೆ ಹೆಂಗ ಬರ್ತಾಳ?"

"ಬರ್ತಾಳ. ಇಲ್ಲಿ ಬರದೈತಿ ನೋಡು, ಬುಧವಾರ ಮುಂಜಾನಿ, ಕಾಸೀಮಬೀ, ಮಷಿನ್ ಸಹಿತ."

ಇಲ್ಲಿ ಒಂದು ಮಾತು ಹೇಳಬೇಕು. ಈ ಓಣಿಯಲ್ಲಿ ಬೇಸಿಗೆಯ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ನಾನು ನಿನ್ನ ಮನೆಯಲ್ಲಿ ಒಂದು ದಿನ ಕೈ ಹಚ್ಚಿದರೆ ನೀನು ನನ್ನ ಮನೆಯಲ್ಲಿ ಒಂದು ದಿನ ಕೈ ಹಚ್ಚಬೇಕು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ. ಕೂಲಿ ಕೊಡುತ್ತೇನೆಂದರೆ ಬೈದಂತೆ. ಉಮಾಪತಿಯವರು ಇದೇ ಓಣಿಯಲ್ಲಿ ಇದೇ ಶಾವಿಗೆ ತಿಂದು ಬೆಳೆದವರು. ಆದರೂ ಶಾವಿಗೆ ತಟ್ಟೆಗೆ ಬರುವ ಮೊದಲು ಎಲ್ಲೆಲ್ಲಿ ತಿರುಗಿ ಬಂದಿರುತ್ತದೆ ಎಂದು ಅವರು ವಿಚಾರ ಮಾಡಿರಲಿಲ್ಲ. ತಿನ್ನುವವರ ಇಲಾಖೆಯೇ ಬೇರೆ.

ಪಂಪಮ್ಮ ಮತ್ತೆ ವಾದ ಮಾಡಲಿಲ್ಲ. "ಆತು, ನೀವು ಅಂದಂಗ" ಎಂದು ಒಳಗೆ ಹೋದಳು. ಕಾಲುವೆಯ ಏರಿ ಒಡೆಯುವ ಮೊದಲು ನೀರು ಹೀಗೆಯೇ ಸಪ್ಪಳವಿಲ್ಲದೆ ನಿಲ್ಲುತ್ತದೆ ಎಂಬುದು ಉಮಾಪತಿಯವರಿಗೆ ಕಚೇರಿಯಲ್ಲಿ ಗೊತ್ತಿತ್ತು. ಮನೆಯಲ್ಲಿ ಹೊಳೆಯಲಿಲ್ಲ.

ಮರುದಿನದಿಂದ ಪಂಪಮ್ಮ ಕಾಗದ ಹೇಳಿದ್ದನ್ನು ಕಾಗದ ಹೇಳಿದ ಹಾಗೆಯೇ ಮಾಡತೊಡಗಿದಳು. ಅವಳ ಗೆರೆ ಹರಿದಲ್ಲಿ ಕೈಯಲ್ಲಿದ್ದುದನ್ನು ಅಲ್ಲಿಯೇ ಇಟ್ಟು, ಚಾಪೆ ಹಾಸಿ, ಬೀಸಣಿಕೆ ಹಿಡಿದು ಮಲಗಿಬಿಟ್ಟಳು. ಹಾಲು ಉಕ್ಕಿ ಒಲೆ ಆರಿತು. ಉಮಾಪತಿಯವರು ಓಡಿ ಬಂದು ಕೇಳಿದರೆ, ತನ್ನ ಗೆರೆ ಇನ್ನೂ ಚಾಲೂ ಆಗಿಲ್ಲ, ಬೇಕಾದರೆ ಗೋಡೆ ನೋಡಿ ಬರ್ರಿ ಎಂದಳು. ಸಂಜೆ ಕಚೇರಿಯಿಂದ ಬಂದು ಚಹಾ ಕೇಳಿದರೆ ಅವಳು ದೀಪ ಹಿಡಿದು ಇಡೀ ಗೋಡೆ ಹುಡುಕಿ, ಚಹಾದ ಗೆರೆ ಎಲ್ಲಿಯೂ ಇಲ್ಲ, ಬೆಂಗಳೂರಿನವರು ತೆಗೆದುಹಾಕಿದಂತೆ ಕಾಣುತ್ತದೆ ಎಂದು ವಿನಯದಿಂದ ತಿಳಿಸಿದಳು. ಉಮಾಪತಿಯವರು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬಂದರು. ಮಹತ್ಕಾರ್ಯಗಳಲ್ಲಿ ಇಂಥ ತ್ಯಾಗ ಇದ್ದದ್ದೇ.

ಭಾನುವಾರ ಕಾಸೀಮಬೀ ಮನೆಯಿಂದ ಶಾವಿಗೆ ಮಷಿನ್ನಿನ ಕಿರಕಿರ ಕೇಳಿಬಂತು. ಹೆಂಗಸರ ನಗು ಕೇಳಿಬಂತು. ಪಂಪಮ್ಮ ಚಾಪೆಯ ಮೇಲೆ ಬಿಡುವಿನ ಗೆರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ಸಲ ಕರೆ ಬಂತು, ಮೂರನೇ ಸಲ ಬರಲಿಲ್ಲ.

ಬುಧವಾರ ಬಂತು. ಉಮಾಪತಿಯವರು ರಜೆ ಹಾಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಡ್ರಿಲ್ ಮೇಷ್ಟ್ರಿಗೆ ಶಿಳ್ಳೆ ಒಂದೇ ಕಡಿಮೆ ಎಂಬಂತೆ ಅಂಗಳದಲ್ಲಿ ನಿಂತರು. ನಾದಲು ಹಿಟ್ಟು ತಯಾರಿತ್ತು. ಮಷಿನ್ನು ಬಿಗಿಯಲು ಹಗ್ಗದ ಮಂಚ, ಹೊರಸು, ತಯಾರಿತ್ತು. ಬಿಸಿಲು ಎಂಬ ಸಂಪನ್ಮೂಲ ಕಾಗದದಲ್ಲಿ ಬರೆದದ್ದಕ್ಕಿಂತ ಮೊದಲೇ ಹಾಜರಾಗಿ ನೆತ್ತಿ ಸುಡುತ್ತಿತ್ತು. ಉಳಿದ ಸಂಪನ್ಮೂಲಗಳು ಬರಲಿಲ್ಲ.

ಅವರೇ ಕಾಸೀಮಬೀ ಮನೆಗೆ ಹೋದರು. ಆಕೆ ಕುಳ್ಳಗೆ, ದುಂಡಗೆ, ಅಡಿಕೆ ಕತ್ತರಿಸುತ್ತ ಕಟ್ಟೆಯ ಮೇಲೆ ಕೂತಿದ್ದಳು. ಓಣಿಗೆಲ್ಲ ಇದ್ದದ್ದು ಅವಳದೊಂದೇ ಮಷಿನ್ನು. ಹೀಗಾಗಿ ಬೇಸಿಗೆಯಲ್ಲಿ ಅವಳ ಮಾತಿಗೆ ತಹಶೀಲ್ದಾರರ ತೂಕವಿತ್ತು. ಬಹಳ ಮರ್ಯಾದೆಯಿಂದ ಎದ್ದು ನಿಂತು, ಬರ್ರಿ ಸಾಹೇಬ್ರ, ಕುಂಡ್ರಿ ಎಂದಳು.

"ಇವತ್ತು ಬುಧವಾರ ಅಲ್ರಿ ಅಕ್ಕಾರ?" ಎಂದರು ಉಮಾಪತಿಯವರು.

"ಹೌದ್ರಿ. ನಿಮ್ಮನಿ ಕಾಗದದಾಗ ನಾ ಬರೋ ದಿನ."

"ಮತ್ತ?"

"ಕಾಗದದಾಗಿನ ಕಾಸೀಮಬೀ ಬಂದಿರಬೇಕಲ್ರಿ. ಐತವಾರ ನಮ್ಮನಿಗೆ ಬರ್ಲಾರದ ಪಂಪಕ್ಕನ ಕೂಡ ಅಕಿ ಕೆಲಸ ಮಾಡ್ತಾಳ. ನನಗ ಜರ ಸೊಂಟ ಹಿಡದೈತಿ. ಮಷಿನ್ನಕ್ಕೂ ಹಿಡದೈತಿ."

ಗುರುಲಿಂಗಮ್ಮ ಪೋಸ್ಟ್ ಮಾಸ್ತರರ ಹೆಂಡತಿ, ಮಾತು ಇನ್ನೂ ಮೃದು. ಪಂಪಮ್ಮ ಬರುತ್ತಾಳೆಂದು ಕಾದು ಕಾದು ಹಪ್ಪಳದ ಹಿಟ್ಟು ಕಲ್ಲಾಯಿತು, ಒಬ್ಬಳೇ ಲಟ್ಟಿಸಿ ಕೈ ಬಾತಿದೆ, ನೋಡ್ರಿ ಎಂದು ಕೈ ಚಾಚಿ ತೋರಿಸಿದಳು. ಯಮನೂರಮ್ಮ ಬಾಗಿಲು ತೆಗೆಯಲೇ ಇಲ್ಲ. ಒಳಗಿನಿಂದಲೇ, ತಾನು ಮನೆಯಲ್ಲಿ ಇಲ್ಲವೆಂದು ಹೇಳಿದಳು.

ಶನಿವಾರ ಕುಬಸ. ಉಮಾಪತಿಯವರ ಕಣ್ಣ ಮುಂದೆ ಬಸವಣ್ಣೆಮ್ಮನವರು ಒಂದು ಖಾಲಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುತ್ತಿರುವ ದೃಶ್ಯ ಬಂತು. ಅದರ ಹಿಂದೆ ಸುಮಂಗಲಾಳ ಮುಖ ಬಂತು. ಸಣ್ಣವಳಿದ್ದಾಗ ಏಟು ಬೀಳುವ ಮೊದಲೇ ತುಟಿ ಮಡಚಿಕೊಳ್ಳುತ್ತಿದ್ದ ಮುಖ. ಆದರೆ ವೀರರು ರಣದಿಂದ ಅಷ್ಟಕ್ಕೇ ಹಿಂದೆ ಸರಿಯುವುದಿಲ್ಲ.

ಅವರು ಕಾಲುವೆಯಿಂದ ಮಾರೆಪ್ಪನನ್ನು ಕರೆಸಿದರು. ಮಾರೆಪ್ಪ ವಯಸ್ಸಾದ ನೀರಗಂಟಿ, ಹೊಲಗಳಿಗೆ ನೀರು ತಿರುಗಿಸುವವನು. ಸಾಹೇಬರು ಏನು ಹೇಳಿದರೂ ಮಾಡುವವನು, ಏಕೆ ಎಂದು ಮಾತ್ರ ಕೇಳುವವನಲ್ಲ. ಮಷಿನ್ನು ಇಲ್ಲದ್ದರಿಂದ ಉಮಾಪತಿಯವರು ಅಟ್ಟದ ಮೇಲಿಂದ ತಾಯಿಯ ಕಾಲದ ಹಿತ್ತಾಳೆಯ ಚಕ್ಕಲಿ ಒರಳನ್ನು ಇಳಿಸಿದರು. ಮಾರೆಪ್ಪ ತೋಳು ಏರಿಸಿ, ಹಿಟ್ಟಿನ ಗುಡ್ಡದ ನಡುವೆ ಸಿಮೆಂಟಿಗೆ ಮಾಡುವ ಹಾಗೆ ಕುಣಿ ಮಾಡಿ, ಕೊಡದಿಂದ ನೀರು ಬಿಟ್ಟ.

"ಸಾಹೇಬ್ರ, ಇದು ಒಂದಕ್ಕ ನಾಕ ಪಾಲೇನ್ರಿ, ಆರ ಪಾಲೇನ್ರಿ?"

ಅದು ಕಾಗದದಲ್ಲಿ ಇರಲಿಲ್ಲ. ಉಮಾಪತಿಯವರು ಅಂದಾಜಿನ ಮೇಲೆ ಐದು ಎಂದರು. ಇಬ್ಬರೂ ಸೇರಿ ಒತ್ತಿದರು. ಒರಳಿನ ಬಾಯಿಯಿಂದ ಹೊರಬಂದದ್ದು ಎಳೆಯಲ್ಲ, ಹಗ್ಗ. ಕೋಲಿನ ಮೇಲೆ ಹಾಕಿದರೆ ಜಾರಿ ನೆಲಕ್ಕೆ ಬಿದ್ದು, ಬಿದ್ದಲ್ಲಿಯೇ ಒಂದನ್ನೊಂದು ಅಪ್ಪಿಕೊಂಡು ಮಲಗಿತು. ಯಮನೂರಮ್ಮನ ಮೇಕೆ ಬಂದು ಮೂಸಿ ನೋಡಿ, ಏನನ್ನೋ ನೆನೆಸಿಕೊಂಡಂತೆ ತಿರುಗಿ ಹೋಯಿತು. ಮಾರೆಪ್ಪ ಒಂದನ್ನು ಕೈಯಲ್ಲಿ ಹಿಡಿದು ಬಾಗಿಸಿ ಪರೀಕ್ಷೆ ಮಾಡಿದ. "ಗಟ್ಟಿ ಆಗ್ಯಾವ್ರಿ. ಒಣಗಿದ ಮ್ಯಾಲೆ ತೂಬಿಗೆ ಹಾಕಾಕ ಬರ್ತಾವು," ಎಂದ. ಅವನು ಅದನ್ನು ಹೊಗಳಿಕೆ ಎಂದೇ ಹೇಳಿದ್ದ.

ಪಂಪಮ್ಮ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ನಗಲಿಲ್ಲ. ಅದು ಅವಳ ದೊಡ್ಡತನ. (ಹಿತ್ತಲಿಗೆ ಹೋಗಿ ನಕ್ಕು ಬಂದಿದ್ದಳು ಎಂದು ಆಮೇಲೆ ತಿಳಿಯಿತು.)

ಮಾರೆಪ್ಪನನ್ನು ಕಳಿಸಿ, ಉಮಾಪತಿಯವರು ಮೊಣಕೈಯವರೆಗೆ ಹಿಟ್ಟು ಮೆತ್ತಿದ ಕೈಯಲ್ಲಿಯೇ ಬಂದು ಹೆಂಡತಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ಪಂಪಾ, ಅವ್ರನ್ನ ನೀನ ಕರಿ."

"ನನ್ನ ಗೆರಿ ಇಲ್ಲಿಗೆ ಹರದೈತ್ರಿ. ನಾಳಿ ಮಧ್ಯಾಹ್ನಕ್ಕ ಮತ್ತ ಚಾಲೂ."

"ಸುಮಂಗಲಾನ ಮುಖ ನೆನಸಿ ನೋಡು."

ಆಗ ಪಂಪಮ್ಮ ಬೀಸಣಿಕೆ ಕೆಳಗಿಟ್ಟಳು. "ನಾ ನೋಡ್ಲಾರದಕ್ಕ ಕುಂತೀನೇನ್ರಿ? ಹೋಗಿ ಕಾಲು ಹಿಡದು ಕರೀತೀನಿ, ಅವ್ರು ಬರ್ತಾರ. ಆದರ ಮುಯ್ಯಿ ತೀರಸವ್ರು ಯಾರು? ಕುಬಸ ಆದ ಮ್ಯಾಲೆ ಮಗಳು ಇಲ್ಲೇ ಉಳೀತಾಳ. ಬಸರಿ ಹುಡುಗಿನ ಬಿಟ್ಟು ನಾ ಓಣಿ ತಿರುಗಾಕ ಆಗಂಗಿಲ್ಲ."

"ಯಾರರೇ ತೀರಸ್ತೀವಿ. ಮನಿಯವ್ರು ತೀರಸ್ತಾರ ಅಂತ ಹೇಳು."

"ನಿಮ್ಮ ಮಾತೇನು ಇದು?"

"ನನ್ನ ಮಾತು."

"ದೇವರ ಜಗಲಿ ಮುಂದ ನಿಂತು ಅನ್ರಿ."

ಉಮಾಪತಿಯವರು ಅವಸರದಲ್ಲಿದ್ದರು. ಹಿಟ್ಟಿನ ಕೈ ಜೋಡಿಸಿ, ಜಗಲಿಯ ಮುಂದೆ ನಿಂತು ಅಂದರು. ಮನೆಯವರು ಎಂದರೆ ಯಾರು ಯಾರು ಎಂದು ಎಣಿಸಿ ನೋಡಿದ್ದರೆ ಚೆನ್ನಾಗಿತ್ತು. ಆ ಮನೆಯಲ್ಲಿ ಪಂಪಮ್ಮನನ್ನು ಬಿಟ್ಟರೆ ಎಣಿಸುವುದು ಬಹಳ ಹೊತ್ತಿನ ಕೆಲಸವೇನೂ ಆಗಿರಲಿಲ್ಲ.

ಮರುದಿನ ಸೂರ್ಯ ಹುಟ್ಟುವುದಕ್ಕೂ ಕಾಸೀಮಬೀ ಮಷಿನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವುದಕ್ಕೂ ಸರಿಹೋಯಿತು. ಅವಳ ಸೊಂಟವೂ ಸುಧಾರಿಸಿತ್ತು, ಮಷಿನ್ನಿನದೂ ಸುಧಾರಿಸಿತ್ತು. ಗುರುಲಿಂಗಮ್ಮ ಬಾತ ಕೈಯಲ್ಲಿಯೇ ಹಿಟ್ಟು ನಾದಿದಳು. ಮನೆಯಲ್ಲಿ ಇಲ್ಲದ ಯಮನೂರಮ್ಮ ಎಲ್ಲರಿಗಿಂತ ಮೊದಲೇ ಬಂದು ಕೋಲುಗಳನ್ನು ಒರೆಸಿಟ್ಟಳು. ಪಂಪಮ್ಮ ಚಹಾ ಮಾಡಿದಳು, ಮತ್ತೆ ಮಾಡಿದಳು. ಮಾತು, ನಗು, ಒಬ್ಬರ ಅತ್ತೆಯ ಕಥೆ, ಇನ್ನೊಬ್ಬರ ಮೈದುನನ ಕಥೆ. ಒಂದು ನಿಮಿಷವೂ ಕಾಗದದ ಪ್ರಕಾರ ನಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಕೋಲುಗಳ ಮೇಲೆ ಶಾವಿಗೆ ಮುದುಕಿಯ ಕೂದಲಿನ ಹಾಗೆ ಸಣ್ಣಗೆ ಇಳಿಬಿದ್ದು ಒಣಗುತ್ತಿತ್ತು.

ಸಂಡಿಗೆ ಇಡಲು ಜಾಗ ಸಾಲಲಿಲ್ಲ. ಪಂಪಮ್ಮ ಒಳಗೆ ಹೋಗಿ, ಗೋಡೆಯ ಮೇಲಿನ ಕಾಗದವನ್ನು ತುದಿ ಹಿಡಿದು ಪರ್ ಎಂದು ಎಳೆದು ತಂದು, ಬರೆಯದ ಮಗ್ಗುಲು ಮೇಲೆ ಮಾಡಿ ಅಂಗಳದಲ್ಲಿ ಹಾಸಿದಳು. ಕಾಗದ ಅಗಲವಾಗಿತ್ತು, ಗಟ್ಟಿಯಾಗಿತ್ತು. ಬೆಂಗಳೂರಿನವರು ಛಲೋ ಮಾಲು ಕೊಟ್ಟಾರ ಎಂದು ಎಲ್ಲರೂ ಮೆಚ್ಚಿದರು. ಉಮಾಪತಿಯವರೂ ಸೋಲಲಿಲ್ಲ. ಒಟ್ಟಾರೆ ಕಂಪ್ಯೂಟರ್ ಹೇಳಿದ್ದಕ್ಕೆ ಒಂದೇ ದಿನದ ಫರಕು, ಇಷ್ಟು ದೊಡ್ಡ ಕಾಮಗಾರಿಯಲ್ಲಿ ಇದು ಏನೂ ಅಲ್ಲ ಎಂದು ಕಾಸೀಮಬೀಗೆ ವಿವರಿಸಿದರು. ಅವಳು ಹೌದೌದು ಎಂದು ತಲೆಯಾಡಿಸಿ, ಅವರ ತೋಳುಗಳನ್ನು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿದಳು. ಯಾಕೆ ಹಾಗೆ ನೋಡಿದಳೆಂದು ಅವರಿಗೆ ಆಗ ತಿಳಿಯಲಿಲ್ಲ.

ಶುಕ್ರವಾರ ಹಪ್ಪಳ ನಡೆದಿದ್ದಾಗ ಬಸವಣ್ಣೆಮ್ಮನವರು ಹೇಳಿದ್ದಕ್ಕಿಂತ ಒಂದು ಹೊತ್ತು ಮೊದಲೇ, ಸೊಸೆ ಸುಮಂಗಲಾಳನ್ನು ಕರೆದುಕೊಂಡು ಬಂದಿಳಿದರು. ಜಮಖಾನೆ ಹಾಸಿದರೆ ಕೂರಲಿಲ್ಲ. ನೇರ ಅಂಗಳಕ್ಕೆ ಹೋಗಿ ಒಂದು ಎಳೆ ಎತ್ತಿ ಸೂರ್ಯನಿಗೆ ಹಿಡಿದರು. ಸುಮಂಗಲಾ ತುಟಿ ಮಡಚಿದಳು. ಬಸವಣ್ಣೆಮ್ಮನವರು ಬಹಳ ಹೊತ್ತು ನೋಡಿ, ಎಳೆಯನ್ನು ಮುರಿಯದೆ ತಿರುಗಿ ಕೋಲಿನ ಮೇಲೆ ಹಾಕಿದರು.

"ನಾಕ ಮಂದಿ ಕೈ ಕೂಡಿದ ಮನಿ," ಎಂದರು. ಅವರ ಬಾಯಿಂದ ಅಷ್ಟು ಬರುವುದು ಎಂದರೆ ಬೇರೆಯವರ ಬಾಯಿಂದ ಒಂದು ಭಾಷಣ ಬಂದ ಹಾಗೆ. ಸುಮಂಗಲಾಳ ತುಟಿ ಸಡಿಲವಾಯಿತು.

ಆಮೇಲೆ ಬೀಗತಿಯರು ಮಾಡಬಾರದ ಒಂದು ಕೆಲಸ ಮಾಡಿದರು. ಬೇಡ ಬೇಡವೆಂದರೂ ಕೇಳದೆ, ಲಟ್ಟಣಿಗೆ ಎಳೆದುಕೊಂಡು, ನಾಲ್ಕು ಹಪ್ಪಳ ಲಟ್ಟಿಸಿ, ಕೈ ಝಾಡಿಸಿಕೊಂಡು ಎದ್ದರು. ಎಲ್ಲ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಮಾಪತಿಯವರು ಮಾತ್ರ, ಎಷ್ಟು ಸರಳ ಹೆಂಗಸು ಎಂದು ಕಣ್ಣು ಒದ್ದೆ ಮಾಡಿಕೊಂಡರು.

ಕುಬಸ ಚೆನ್ನಾಗಿಯೇ ಆಯಿತು. ಪಾಯಸದಲ್ಲಿ ಎಳೆ ಎಳೆಯಾಗಿ ನಿಂತಿತು. ಬೀಗರು ಹೊರಡುವಾಗ ಬಸವಣ್ಣೆಮ್ಮನವರು ಬಾಗಿಲಲ್ಲಿ ನಿಂತು, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ತಮ್ಮ ಮನೆಯಲ್ಲಿ ಖಾರ ಕುಟ್ಟುವುದು ಇದೆ, ನಾಲ್ಕು ಹಪ್ಪಳದ ಮುಯ್ಯಿ ಬಾಕಿ ಇದೆಯಲ್ಲ, ಬೀಗರು ಬರಬೇಕು ಎಂದರು. ಪಂಪಮ್ಮ ಬರಲಾರಳು, ಮಗಳ ಹತ್ತಿರ ಇರಬೇಕು ಎಂದು ಉಮಾಪತಿಯವರು ಕೈ ಮುಗಿದರು.

"ನಾ ಬೀಗತಿನ ಎಲ್ಲಿ ಕರದೀನ್ರಿ?" ಎಂದರು ಬಸವಣ್ಣೆಮ್ಮನವರು. "ಬೀಗರು ಬರ್ರಿ ಅಂದೆ. ನೀವು ದೇವರ ಮುಂದ ಮಾತು ಕೊಟ್ಟೀರಂತ, ಕಾಸೀಮಬೀ ಹೇಳ್ಯಾಳ."

ಉಮಾಪತಿಯವರು ತಿರುಗಿ ನೋಡಿದರು. ಹಿಂದೆ ಕಾಸೀಮಬೀ, ಗುರುಲಿಂಗಮ್ಮ, ಯಮನೂರಮ್ಮ ಮೂವರೂ ಸಾಲಾಗಿ ನಿಂತಿದ್ದರು. ಮೂವರ ಮುಖದ ಮೇಲೂ ಒಂದೇ ಮುಗುಳ್ನಗೆ. ಸೋಮವಾರ ಕಾಸೀಮಬೀ ತನ್ನ ತಂಗಿಗೆ ಶಾವಿಗೆ ತೆಗೆಯುವವಳಿದ್ದಳು. ಗುರುಲಿಂಗಮ್ಮನ ಹಪ್ಪಳದ ಎರಡನೇ ಸುತ್ತು ಬಾಕಿ ಇತ್ತು. ಯಮನೂರಮ್ಮನ ಸಂಡಿಗೆ ಇನ್ನೂ ಶುರುವೇ ಆಗಿರಲಿಲ್ಲ. ಬೆಂಗಳೂರಿನ ಆ ಯಂತ್ರ ಆ ಹೊತ್ತಿನಲ್ಲಿ ಹತ್ತಿರವಿದ್ದಿದ್ದರೆ ಉಮಾಪತಿಯವರ ಹೆಸರಿನ ಮುಂದೆ ಇಡೀ ಆಕಾಶವನ್ನೇ ಕಾರುತ್ತಿತ್ತು.

ಸೋಮವಾರದಿಂದ ಗಂಗಾವತಿಯ ಆ ಓಣಿಯಲ್ಲಿ ಒಂದು ಹೊಸ ನೋಟ. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಜೂನಿಯರ್ ಇಂಜಿನಿಯರ್ ಸಾಹೇಬರು ಬನಿಯನ್ ಮೇಲೆ ಕಾಸೀಮಬೀಯ ಹೊರಸಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತು ಮಷಿನ್ನಿನ ಹಿಡಿಕೆ ತಿರುಗಿಸುತ್ತಿದ್ದರು. ಎದುರಿಗೆ ಕಾಸೀಮಬೀಯ ಗಂಡ, ಸೈಕಲ್ ಅಂಗಡಿಯ ಬಾಬಾಸಾಬ, ಬಾಯಿಯಲ್ಲಿ ಬೀಡಿ ಇಟ್ಟುಕೊಂಡು, ಎಷ್ಟೋ ವರ್ಷ ಈ ಹೆಂಗಸರ ನಡುವೆ ಒಂಟಿಯಾಗಿದ್ದವನಿಗೆ ಜೊತೆಗಾರ ಸಿಕ್ಕ ಸಂತೋಷದಲ್ಲಿ, ಸಾವಕಾಶ ತಿರುವ್ರಿ ಸಾಹೇಬ್ರ, ಎಳಿ ಹರೀತೈತಿ ಎನ್ನುತ್ತಿದ್ದ.

ಅದೇ ವಾರ ಕಚೇರಿಗೆ ಎರಡನೇ ಆದೇಶ ಬಂತು. ಕಂಪ್ಯೂಟರ್ ತರಬೇತಿಯ ಎರಡನೇ ಹಂತ, ಬೆಂಗಳೂರು, ಬಹಳ ದಿನ. ಉಮಾಪತಿಯವರು ಅದನ್ನು ಓದುತ್ತ ಓದುತ್ತ, ಆ ಗಾಜಿನ ಕೋಣೆಯ ತಂಪನ್ನು ಮೈಯೆಲ್ಲ ನೆನೆಸಿಕೊಂಡರು. ಓಡುತ್ತಲೇ ಮನೆಗೆ ಬಂದರು. ಪಂಪಮ್ಮ ಮಗಳ ಜಡೆ ಹೆಣೆಯುತ್ತಿದ್ದಳು.

"ಪಂಪಾ, ಸರಕಾರದ ಹುಕುಂ ಬಂದೈತಿ. ನಾ ಬೆಂಗಳೂರಿಗೆ ಹೋಗಬೇಕು. ನಾ ಏನು ಮಾಡ್ಲಿ, ಮ್ಯಾಲಿನವ್ರ ಮಾತು."

ಪಂಪಮ್ಮ ಜಡೆಯ ತುದಿಗೆ ರಿಬ್ಬನ್ ಬಿಗಿದು, ಗಂಟು ಹಾಕಿ, ಸಾವಕಾಶವಾಗಿ ತಲೆಯೆತ್ತಿದಳು.

"ಅದು ನಮ್ಮ ಯೋಜನಾದಾಗಿನ ಕೆಲಸೇನ್ರಿ?"

ಉಮಾಪತಿಯವರು ಆದೇಶದ ಕಾಗದವನ್ನು ನಾಲ್ಕಾಗಿ ಮಡಚಿದರು. ಜೇಬಿನಲ್ಲಿ ಇಟ್ಟರು.

"ಅಲ್ಲ," ಎಂದರು ಕೊನೆಗೆ.

"ಹಂಗಾರ ತಗದು ಹಾಕ್ರಿ," ಎಂದಳು ಪಂಪಮ್ಮ. "ನಾಳಿ ಗುರುಲಿಂಗಮ್ಮನ ಮನ್ಯಾಗ ಹಪ್ಪಳ. ಲಗೂನ ಎದ್ದು ಹೋಗ್ರಿ."